ಕಂಪ್ಯೂಟ್ರಪ್ಪನ ತಪ್ಪು-ಒಪ್ಪು

ಮುಳಬಾಗಿಲಿನ ತಾಲ್ಲೂಕು ಕಚೇರಿಯ ಎದುರಿಗೆ ಮೂರು ಜೆರಾಕ್ಸ್ ಅಂಗಡಿಗಳಿವೆ. ಮೂರರಲ್ಲೂ ಒಂದೇ ಯಂತ್ರ, ಒಂದೇ ಕಾಗದ, ಒಂದೇ ರೇಟು. ಆದರೂ ಜನ ಮೊದಲೆರಡನ್ನು ದಾಟಿಕೊಂಡು ಮೂರನೆಯದಕ್ಕೆ ಹೋಗುತ್ತಾರೆ. ಮೊದಲೆರಡು ಅಂಗಡಿಯವರು ಕೊಟ್ಟ ಹಾಳೆಯನ್ನು ಗಾಜಿನ ಮೇಲಿಟ್ಟು ಬಟನ್ ಒತ್ತುತ್ತಾರೆ. ಮೂರನೆಯವಳು ಮುನಿಲಕ್ಷ್ಮಿ, ಅದನ್ನು ಓದುತ್ತಾಳೆ.

"ಅಣ್ಣ, ಇಲ್ಲಿ ನಿಮ್ಮಪ್ಪನ ಹೆಸರು ಮುನಿವೆಂಕಟಪ್ಪ ಅಂತಿದೆ, ಪಹಣೀಲಿ ವೆಂಕಟಮುನಿಯಪ್ಪ ಅಂತಿದೆ. ಹಿಂಗೇ ಒಳಗೆ ತಗೊಂಡ್ಹೋದ್ರೆ ಇಬ್ಬರಪ್ಪಂದಿರನ್ನೂ ಕರ್ಕೊಂಡ್ ಬಾ ಅಂತಾರೆ. ಮೊದ್ಲು ಅಫಿಡವಿಟ್ ಮಾಡಿಸ್ಕೊಳ್ಳಿ."

ಗಿರಾಕಿಯ ಕಾಗದವನ್ನು ಗಿರಾಕಿಗಿಂತ ಹೆಚ್ಚು ಓದುವುದು ವ್ಯಾಪಾರಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಅಕ್ಕಪಕ್ಕದ ಅಂಗಡಿಯವರು ಇನ್ನೂ ಚರ್ಚೆ ಮಾಡುತ್ತಿದ್ದಾರೆ. ಚರ್ಚೆಗೆ ಅವರಿಗೆ ಬಿಡುವು ಬೇಕಾದಷ್ಟಿದೆ. ಸಾಲು ಇರುವುದು ಮುನಿಲಕ್ಷ್ಮಿಯ ಅಂಗಡಿಯ ಮುಂದೆ.

ಮಧ್ಯಾಹ್ನ ಎರಡಕ್ಕೆ ಕಚೇರಿಯವರು ಊಟಕ್ಕೆ ಏಳುತ್ತಾರೆ. ಯಾವಾಗ ಬರುತ್ತಾರೆ ಎಂದು ಕೇಳುವ ಪದ್ಧತಿ ಇಲ್ಲ. ಸಾಲು ಕರಗುತ್ತದೆ. ಆಗ ಪಕ್ಕದವರು ಮೊಬೈಲಿನಲ್ಲಿ ಸೀರಿಯಲ್ ನೋಡುತ್ತಾರೆ, ಮುನಿಲಕ್ಷ್ಮಿ ಸತ್ತುಹೋದ ಕಂಪ್ಯೂಟರುಗಳ ಕಾಗದಪತ್ರ ಹುಡುಕುತ್ತಾಳೆ.

ಈ ಚಟ ಹತ್ತಿಸಿದ್ದು ಅವಳದೇ ಅಂಗಡಿಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಕರ್ ಕರ್ ಎಂದು ಸದ್ದು ಮಾಡುತ್ತ, ನಡುವೆ ಕಾರ್ಬನ್ ಇಟ್ಟರೆ ಒಂದೇ ಹೊಡೆತಕ್ಕೆ ಮೂರು ಪ್ರತಿ ಕೊಡುವ ಮುದಿ ಯಂತ್ರ. ಹೆದ್ದಾರಿಯ ಲಾರಿ ಬುಕಿಂಗ್ ಆಫೀಸುಗಳಿಗೆ ಅದರದೇ ರಸೀದಿ ಬೇಕು. ಆರು ವರ್ಷದ ಹಿಂದೆ ಒಂದು ದಿನ ಅದು ಅಂಕಿ ಹೊಡೆಯಬೇಕಾದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ ಹೊಡೆಯಲು ಶುರುಮಾಡಿತು. ಕೋಲಾರದಿಂದ ಬಂದ ಮೆಕ್ಯಾನಿಕ್ ಅದನ್ನು ಮುಟ್ಟಲೂ ಇಲ್ಲ. "ಅಕ್ಕ, ಇದು ನಾನ್ ಹುಟ್ಟೋಕೆ ಮುಂಚೇದು. ನಮಸ್ಕಾರ ಮಾಡಿ ಗುಜರಿಗೆ ಹಾಕಿ" ಎಂದು ಕಾಫಿ ಕುಡಿದು ಹೋದ.

ಮುನಿಲಕ್ಷ್ಮಿ ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಎರಡು ಸಲ ಡುಮ್ಕಿ ಹೊಡೆದವಳು. ಆದರೆ ಇಪ್ಪತ್ತು ವರ್ಷ ಸರ್ಕಾರಿ ಇಂಗ್ಲಿಷ್ ಓದಿದವರಿಗೆ ಯಾವ ಇಂಗ್ಲಿಷೂ ಕಷ್ಟವಾಗುವುದಿಲ್ಲ. ಹನ್ನೊಂದು ದಿನ ಇಂಟರ್ನೆಟ್ಟಿನಲ್ಲಿ ಹುಡುಕಿ, ಯಾವುದೋ ದೇಶದ ಯಾರೋ ನಿವೃತ್ತ ಮೇಷ್ಟ್ರು ತನ್ನ ಅಟ್ಟದ ಮೇಲಿನದನ್ನೆಲ್ಲ ಸ್ಕ್ಯಾನ್ ಮಾಡಿ ಪೇರಿಸಿದ್ದ ಜಾಗದಲ್ಲಿ ಆ ಪ್ರಿಂಟರಿನ ಕೈಪಿಡಿ ಹಿಡಿದಳು. ಯಂತ್ರದ ಹೊಟ್ಟೆಯಡಿಯಲ್ಲಿ ಕಡಲೆಕಾಳಿನಷ್ಟು ಸ್ವಿಚ್ಚುಗಳು. ಎಡದಿಂದ ಎರಡನೆಯದು ಮೇಲಿರಬೇಕು, ಕೆಳಗೆ ಬಿದ್ದಿತ್ತು. ತಲೆಯ ಪಿನ್ನು ತೆಗೆದು ಎತ್ತಿದಳು. ಪ್ರಿಂಟರು ಪ್ರಶ್ನೆ ಕೇಳುವುದನ್ನು ನಿಲ್ಲಿಸಿತು.

ಅಂದಿನಿಂದ ಅವಳಿಗೆ ಒಂದು ವಿಷಯ ತಿಳಿಯಿತು. ಗೂಗಲ್ ತೋರಿಸುವುದು ಅಂಗಡಿಯ ಷೋಕೇಸು. ಸರಕು ಇರುವುದು ಹಿಂದಿನ ಗೋಡೌನಿನಲ್ಲಿ. ಪರದೇಶದ ವಿಶ್ವವಿದ್ಯಾಲಯಗಳು, ಮುಚ್ಚಿಹೋದ ಕ್ಲಬ್ಬುಗಳು, ಗಂಡ ತೀರಿಕೊಂಡ ಮೇಲೆ ಅವನ ಕಾಗದಗಳನ್ನು ಲೈಬ್ರರಿಗೆ ಸಾಗಹಾಕಿದ ಹೆಂಗಸರು, ಎಲ್ಲರೂ ಸೇರಿ ಸ್ಕ್ಯಾನ್ ಮಾಡಿ ಎಲ್ಲೆಲ್ಲೋ ತುಂಬಿಟ್ಟಿದ್ದಾರೆ. ಹೆಸರು ತಪ್ಪು, ವರ್ಷ ತಪ್ಪು, ಎಷ್ಟೋ ಕಡೆ ಹಾಳೆಯೇ ತಲೆಕೆಳಗು. ಯಾರೂ ಬಾಗಿಲು ತೆಗೆದು ನೋಡಿಲ್ಲ. 'ಇತರೆ' ಎಂಬ ಹೆಸರಿನ ಕಡತ ಕಂಡರೆ ಸಾಕು, ಮುನಿಲಕ್ಷ್ಮಿಯ ಮುಖ ಹುಣಸೆಹಣ್ಣು ಕಂಡ ಬಸುರಿಯ ಹಾಗಾಗುತ್ತದೆ.

ಶ್ರೀನಿವಾಸಪುರದ ಮಾವಿನ ತಿರುಳಿನ ಘಟಕವೊಂದರ ಹಳೆಯ ತೂಕದ ಯಂತ್ರ, ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಗೂಡಿನ ಶಾಖ ನೋಡುವ ಪೆಟ್ಟಿಗೆ, ಇವೆರಡಕ್ಕೂ ಅವಳೇ ಕೈಪಿಡಿ ಹುಡುಕಿಕೊಟ್ಟಳು. ಶ್ರೀನಿವಾಸಪುರದವರು ಎರಡು ಕ್ರೇಟು ಬಾದಾಮಿ ಮಾವು ಕಳಿಸಿದರು. ಮಾಲೂರಿನವರು ಹೆಂಚು ಕಳಿಸುತ್ತೇವೆ ಎಂದರು, ಅವಳೇ ಬೇಡವೆಂದಳು.

ಗಂಡ ಉಮಾಶಂಕರ್ ಗೂಡ್ಸ್ ಆಟೋದಲ್ಲಿ ಕೋಲಾರದ ಮಾರುಕಟ್ಟೆಗೆ ಟೊಮೇಟೊ ಹೊಡೆಯುವವನು. ಮಧ್ಯಾಹ್ನ ಊಟಕ್ಕೆ ಬಂದರೆ ದಿನಾ ಒಂದೇ ಮಾತು: "ಏನ್ ಲಕ್ಷ್ಮೀ, ಇವತ್ತು ಯಾವ ಸತ್ತಿರೋ ಮಿಷಿನ್‌ಗೆ ಜಾತಕ ಬರೀತಿದೀಯ?"

"ನಿಮ್ ಆಟೋಗೇ. ಅದೂ ಹತ್ರದಲ್ಲೇ ಇದೆ."

ಅಕ್ಟೋಬರ್ ತಿಂಗಳ ಇಂಥದೇ ಒಂದು ಮಧ್ಯಾಹ್ನ ಶ್ರೀರಾಮಪ್ಪ ಬಂದ. ಊರು ದೇವರಾಯಸಮುದ್ರ, ವಯಸ್ಸು ಎಪ್ಪತ್ತೆರಡು. ಒಂದು ಕಾಲಕ್ಕೆ ಮುಳಬಾಗಿಲಿನ ಅರ್ಧ ಅಂಗಡಿಗಳ ಬೋರ್ಡು, ಹೆದ್ದಾರಿಯ ಲಾರಿಗಳ ಹಿಂದುಮುಂದು ಎಲ್ಲಾ ಅವನ ಕೈಬರಹವೇ ಆಗಿತ್ತು. ಫ್ಲೆಕ್ಸ್ ಬಂದ ಮೇಲೆ ಕುಂಚ ತೊಳೆದಿಟ್ಟ. ಪಿಂಚಣಿ ನಿಂತುಹೋಗಿದೆ, ಅರ್ಜಿ ಹಾಕಬೇಕು ಎಂದು ಬಂದಿದ್ದ. ಮುನಿಲಕ್ಷ್ಮಿಯ ಕಂಪ್ಯೂಟರಿನ ಪರದೆಯ ಮೇಲೆ ಯಾವುದೋ ಹಳೆಯ ಪ್ರಿಂಟರಿನ ಅಕ್ಷರಪಟ್ಟಿ ತೆರೆದಿತ್ತು. ಚೌಕುಳಿ ಹಾಳೆಯಲ್ಲಿ ಒಂದೊಂದೇ ಚುಕ್ಕಿಯಿಟ್ಟು ಮಾಡಿದ ಅಕ್ಷರಗಳು. ಶ್ರೀರಾಮಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದ.

"ಆ ಮೂಲೆ ಚುಕ್ಕಿ ಒಂದ್ ಮನೆ ಒಳಗಿರ್ಬೇಕಿತ್ತು ಅಮ್ಮಣ್ಣಿ. ಹಂಗಿಟ್ರೆ ಪ್ರಿಂಟ್ ಆದಾಗ ಅಕ್ಷರ ಕುಂಟುತ್ತೆ."

ಮುನಿಲಕ್ಷ್ಮಿ ತಿರುಗಿ ನೋಡಿದಳು. ಲಾರಿಗೆ ಬಣ್ಣ ಬಳಿದವನಿಗೆ ಇದು ಹೇಗೆ ಗೊತ್ತು?

"ತಾತ, ನಿಮಗ್ಯಾರ್ ಹೇಳ್ಕೊಟ್ರು ಇದನ್ನ?"

"ಏನೋ, ಸುಮ್ನೆ ಅಂದೆ. ಅರ್ಜಿ ಬರಿಯಮ್ಮ" ಎಂದು ಶ್ರೀರಾಮಪ್ಪ ಬೆಂಚಿನ ತುದಿಗೆ ಸರಿದ.

ಅರ್ಜಿ ಬರೆಯುವುದನ್ನು ಮುನಿಲಕ್ಷ್ಮಿ ಬೇಕೆಂದೇ ನಿಧಾನ ಮಾಡಿದಳು. ಅರ್ಧ ಗಂಟೆಯಲ್ಲಿ ಕಥೆ ಹೊರಬಿತ್ತು. ಎಂಬತ್ತೇಳನೇ ಇಸವಿಯಲ್ಲಿ ಬೆಂಗಳೂರಿನ ಸಣ್ಣ ಕಂಪನಿಯೊಂದು ಪ್ರಿಂಟರಿಗೆ ಕನ್ನಡ ಕಲಿಸಲು ಹೊರಟಿತ್ತು. ಆಗಿನ ಪ್ರಿಂಟರಿಗೆ ಇಂಗ್ಲಿಷ್ ಬಿಟ್ಟು ಬೇರೇನೂ ಬಾರದು. ಅದರೊಳಗೆ ಸಿಕ್ಕಿಸುವ ಒಂದು ಕಾರ್ಡು ಮಾಡಿದ್ದರು. ಅದರ ಹೆಸರು 'ಗರುಡ'. ಎಂಜಿನಿಯರುಗಳ ಕೈಬರಹ ಯಾರಿಗೂ ಓದಲು ಬರುವಂತಿರಲಿಲ್ಲವಾದ್ದರಿಂದ ಅಕ್ಷರಗಳನ್ನು ಚುಕ್ಕಿಯಲ್ಲಿ ಬರೆದುಕೊಡಲು ಪೇಂಟರೊಬ್ಬ ಬೇಕಾಯಿತು. ಯಾರೋ ಶ್ರೀರಾಮಪ್ಪನ ಹೆಸರು ಹೇಳಿದರು. ನಾಲ್ಕು ತಿಂಗಳು ಕೂತು ಅಷ್ಟೂ ಅಕ್ಷರ, ಕಾಗುಣಿತ, ಒತ್ತು ಎಲ್ಲಾ ಚುಕ್ಕಿಯಲ್ಲಿ ಬರೆದುಕೊಟ್ಟು ಊರಿಗೆ ಬಂದ.

"ಊರಿಗೆ ಬಂದು ಹೇಳ್ದೆ. ಕಂಪ್ಯೂಟರ್ ಒಳಗೆ ಬರೋ ಕನ್ನಡ ನಂದೇ ಅಂತ. ನಮ್ ಗಂಗುಲಪ್ಪ ಇದಾನಲ್ಲ, ಅರಳೀಕಟ್ಟೆ ಮೇಲೆ ಎಲ್ಲಾರ್ ಮುಂದೆ ಕೇಳ್ದ, ಒಳಗೆ ಹೆಂಗೋ ಹೋದೆ, ಬ್ರಷ್ ಹಿಡ್ಕೊಂಡು ಬಗ್ಗಿಕೊಂಡ್ ಹೋದ್ಯಾ ಅಂತ. ಅವತ್ತಿಂದ ನಾನು ಕಂಪ್ಯೂಟ್ರಪ್ಪ. ಮೂವತ್ತೆಂಟ್ ವರ್ಷ ಆಯ್ತು. ಈಗ ಮೊಮ್ಮಕ್ಕಳೂ ಹಂಗೇ ಕರೀತವೆ. ನಾನೇ ಹೇಳೋದ್ ಬಿಟ್ಬಿಟ್ಟೆ."

"ಕಾಗದ ಏನೂ ಇಲ್ವಾ ತಾತ? ಪುಸ್ತಕ, ಪತ್ರ?"

"ಕಂಪನಿ ಎರಡ್ ವರ್ಷಕ್ಕೆ ಮುಚ್ಕೊಂಡ್ತು. ಕಾಗದ ಎಲ್ಲಿಂದ ತರ್ಲಿ?"

ಇನ್ನೊಂದು ವಿಷಯವೂ ಹೊರಬಂತು. ಪಂಚಾಯ್ತಿಯಲ್ಲಿ ಈ ಸಲ ರಾಜ್ಯೋತ್ಸವಕ್ಕೆ ಕನ್ನಡಕ್ಕಾಗಿ ದುಡಿದ ಊರಿನವರಿಗೆ ಶಾಲು ಹೊದಿಸುತ್ತಾರೆ. ಶ್ರೀರಾಮಪ್ಪನ ಸೊಸೆ ಸುನಂದ ಮಾವನ ಹೆಸರು ಬರೆದುಕೊಟ್ಟುಬಿಟ್ಟಿದ್ದಳು. ಮೆಂಬರ್ ಕದಿರೇಶ್ ಹಲ್ಲು ಕಿರಿದು, "ದಾಖಲೆ ಇದ್ರೆ ತಗೊಂಬನ್ನಿ, ಇಲ್ದಿದ್ರೆ ಕಂಪ್ಯೂಟ್ರಪ್ಪನಿಗೆ ಶಾಲು ಕೊಟ್ರೆ ನಾಳೆ ವಿಮಾನದಪ್ಪನೂ ಬರ್ತಾನೆ" ಎಂದಿದ್ದನಂತೆ.

ಶ್ರೀರಾಮಪ್ಪನಿಗೆ ಶಾಲಿನ ಆಸೆ ಇರಲಿಲ್ಲ. ಅವನಿಗೆ ಬೇಕಾಗಿದ್ದು ಒಂದೇ. ಸಾಯುವ ಮೊದಲು ಒಂದು ಸಲ, ತಾನು ಸುಳ್ಳ ಅಲ್ಲ ಎಂದು ಅರಳೀಕಟ್ಟೆಯವರು ಒಪ್ಪಬೇಕು.

ಮುನಿಲಕ್ಷ್ಮಿ ಹುಡುಕಲು ಕೂತಳು. ಎರಡು ವಾರ ಗೋಡೌನುಗಳನ್ನೆಲ್ಲ ಜಾಲಾಡಿದಳು. ಗರುಡ, ಕನ್ನಡ; ಗರುಡ, ಕರ್ನಾಟಕ; ಗರುಡ, ಬೆಂಗಳೂರು. ಸಿಕ್ಕಿದ್ದು ಗರುಡ ಪಕ್ಷಿಯ ಚಿತ್ರಗಳು, ಗರುಡಗಂಬದ ಅಳತೆ, ಒಂದು ಬಸ್ ಕಂಪನಿ. ಹೆಸರನ್ನು ಹದಿನೈದು ರೀತಿಯಲ್ಲಿ ತಪ್ಪಾಗಿ ಬರೆದೂ ನೋಡಿದಳು. ತಪ್ಪಾಗಿ ಬರೆಯುವುದು ಅವಳ ಕೈಯ ಬಲವಾದ ಅಸ್ತ್ರ. ಈ ಸಲ ಅದೂ ಮೊಂಡಾಯಿತು.

ನವೆಂಬರ್ ಒಂದಕ್ಕೆ ಐದು ದಿನ ಉಳಿದಿತ್ತು. ಅವತ್ತು ಆಂಧ್ರದ ಕಡೆಯಿಂದ ಸೊಸೆಯನ್ನು ತಂದುಕೊಂಡ ಅನಸೂಯಮ್ಮ ಎಂಬಾಕೆ ಕಚೇರಿಯಿಂದ ಸಿಡುಕುತ್ತ ಇಳಿದು ಬಂದರು. ಕೈಯಲ್ಲಿ ಸೊಸೆಯ ಜನನ ಪತ್ರ.

"ನೋಡಮ್ಮ ಇದನ್ನ. ಹೊಸಾ ಗುಮಾಸ್ತ ಬಂದಿದಾನಂತೆ, ಹುಬ್ಬಳ್ಳಿ ಕಡೆಯೋನು. ಕನ್ನಡ ಸರಿಯಾಗಿ ಬರೆಸ್ಕೊಂಡು ಬಾ ಅಂತ ವಾಪಸ್ ಕೊಟ್ಟ. ಅದು ತೆಲುಗು ನಾಯನಾ ಅಂದ್ರೆ, ಯಾಕೆ ಹಂಗಾದ್ರೆ ಅರ್ಧಂಬರ್ಧ ಓದೋಕಾಗುತ್ತೆ ಅಂತ ನನ್ನೇ ಕೇಳ್ತಾನೆ!"

ಮುನಿಲಕ್ಷ್ಮಿ ನಕ್ಕಳು. ನಗುತ್ತಾ ನಗುತ್ತಾ ಕೈಯಲ್ಲಿದ್ದ ಸ್ಟೇಪ್ಲರ್ ಹಾಗೇ ನಿಂತಿತು. ಹುಬ್ಬಳ್ಳಿಯವನಿಗೇ ತೆಲುಗು ಕನ್ನಡದ ಹಾಗೆ ಕಂಡರೆ, ಹಿಮ ಬೀಳುವ ದೇಶದಲ್ಲಿ ಕೂತು ಪಟ್ಟಿ ಬರೆಯುವವನಿಗೆ ಕನ್ನಡ ಏನಾಗಿ ಕಾಣಬೇಡ?

ಅನಸೂಯಮ್ಮನವರನ್ನು ಸಾಗಹಾಕಿ 'ಗರುಡ, ತೆಲುಗು' ಎಂದು ಹುಡುಕಿದಳು. ಇಪ್ಪತ್ತು ನಿಮಿಷದೊಳಗೆ ಸಿಕ್ಕಿತು. ಪರದೇಶದ ವಿಶ್ವವಿದ್ಯಾಲಯವೊಂದಕ್ಕೆ ಯಾರೋ ತೀರಿಹೋದ ಎಂಜಿನಿಯರ ಮನೆಯವರು ಕೊಟ್ಟಿದ್ದ ಕಾಗದಗಳು, ಇಪ್ಪತ್ತೆರಡನೇ ಪೆಟ್ಟಿಗೆ, 'ಇತರೆ'. ಅದರಡಿಯಲ್ಲಿ ಒಂದು ಸಾಲು: 'ಗರುಡ' ಪ್ರಿಂಟರ್ ಕೈಪಿಡಿ, ತೆಲುಗು, ಬಹುಶಃ ೧೯೮೭, ಅರವತ್ತನಾಲ್ಕು ಪುಟ. ನೋಡಿದವರು ಇಬ್ಬರು. ಒಬ್ಬ ಪಟ್ಟಿ ಬರೆದವನೇ ಇರಬೇಕು, ಇನ್ನೊಬ್ಬ ಕೈ ತಪ್ಪಿ ಒತ್ತಿರಬೇಕು ಎಂದುಕೊಳ್ಳುತ್ತ ಮುನಿಲಕ್ಷ್ಮಿ ಮೂರನೆಯವಳಾಗಿ ತೆರೆದಳು.

ತೆರೆದರೆ ಮುಖಪುಟದಲ್ಲೇ ವಿಚಿತ್ರ. ಪುಸ್ತಕ ಚೊಕ್ಕ ಕನ್ನಡದ್ದು. ಮುಖಪುಟದ ಮೇಲಿನ 'ಗರುಡ' ಮಾತ್ರ ತೆಲುಗು. ಕನ್ನಡದ ಗ, ರ, ಡಗಳ ತಲೆಯ ಮೇಲೆ ಚಪ್ಪಟೆಯಾಗಿ ಮಲಗಿರಬೇಕಾದ ತಲೆಕಟ್ಟು, ಪರೀಕ್ಷೆಯ ಹಾಳೆಯಲ್ಲಿ ಮೇಷ್ಟ್ರು ಹಾಕುವ ರೈಟ್ ಮಾರ್ಕಿನಂತೆ ಎದ್ದು ನಿಂತಿತ್ತು. ಒಳಪುಟ ತಿರುಗಿಸಿದರೆ ಈ ಮೂರು ಅಕ್ಷರ ಬಂದಲ್ಲೆಲ್ಲ ಅದೇ ಕಥೆ. ಪಟ್ಟಿ ಬರೆದವನು ಪಾಪ ಮುಖಪುಟ ನೋಡಿ ತೆಲುಗು ಎಂದು ಬರೆದಿದ್ದ, ಅವನದೇನೂ ತಪ್ಪಿಲ್ಲ.

ತಪ್ಪು ಯಾರದೆಂದು ಕೊನೆಯ ಪುಟದಲ್ಲಿತ್ತು. ಅಲ್ಲಿ ಒಂದು ಅರ್ಧ ಹಾಳೆ ಅಂಟಿಸಿದ್ದರು: 'ತಪ್ಪು-ಒಪ್ಪು. ಈ ಕಾರ್ಡಿನಲ್ಲಿ ಗ, ರ, ಡ ಅಕ್ಷರಗಳ ತಲೆಕಟ್ಟು ತೆಲುಗು ರೀತಿಯಲ್ಲಿ ಮುದ್ರಣವಾಗುತ್ತದೆ. ಇದು ಅಕ್ಷರಗಳನ್ನು ಬರೆದ ಮುಳಬಾಗಿಲು ತಾಲ್ಲೂಕಿನ ಪೇಂಟರ್ ಶ್ರೀರಾಮಪ್ಪ ಎಂಬುವರಿಂದ ಆದ ಲೋಪ. ಗ್ರಾಹಕರು ಕ್ಷಮಿಸಬೇಕು.' ಆ ಕ್ಷಮಾಪಣೆಯನ್ನೂ ಅದೇ ಕಾರ್ಡಿನಿಂದಲೇ ಮುದ್ರಿಸಿದ್ದರಿಂದ ಅದರಲ್ಲೂ ಅಲ್ಲಲ್ಲಿ ಅವೇ ರೈಟ್ ಮಾರ್ಕುಗಳು.

ಮುನಿಲಕ್ಷ್ಮಿ ಅರವತ್ತನಾಲ್ಕು ಪುಟವನ್ನೂ ಮತ್ತೆ ನೋಡಿದಳು. ಶ್ರೀರಾಮಪ್ಪನ ಹೆಸರು ಬೇರೆಲ್ಲೂ ಇರಲಿಲ್ಲ. ಮಾಲೀಕನಿಗೆ ಎರಡು ಪುಟ ವಂದನೆ, ಮಾಲೀಕನ ತಾಯಿಗೆ ಅರ್ಧ ಪುಟ. ಅಕ್ಷರ ಬರೆದವನಿಗೆ ಬೈಗುಳ ಮಾತ್ರ.

ಮರುದಿನ ಬಂದ ಶ್ರೀರಾಮಪ್ಪ ತನ್ನ ಅಕ್ಷರಗಳನ್ನು ಪರದೆಯ ಮೇಲೆ ಒಂದೊಂದಾಗಿ ನೋಡಿದ. 'ಳ' ಬಂದಾಗ, "ಇದಕ್ಕೆ ಮೂರ್ ದಿನ ಹಿಡೀತು ಅಮ್ಮಣ್ಣಿ" ಎಂದ. ಮುಖ ಅರಳಿತ್ತು. ಅರ್ಧ ಹಾಳೆ ಬಂತು. ಓದಿದ. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದ.

"ಗೊತ್ತಿತ್ತು, ಅಲ್ವಾ ತಾತ?" ಮುನಿಲಕ್ಷ್ಮಿ ಮೆಲ್ಲಗೆ ಕೇಳಿದಳು.

"ಗೊತ್ತಿಲ್ದೆ ಏನು. ಆಫೀಸರ್‌ಗಳ ಮುಂದೆ ಮಿಷಿನ್ ಆನ್ ಮಾಡಿದ್ರು, ಮೊದ್ಲು ಗರುಡ ಅಂತ್ಲೇ ಪ್ರಿಂಟ್ ಆಗ್ಬೇಕಿತ್ತು. ಆಯ್ತು, ತೆಲುಗಲ್ಲಿ. ಅವತ್ತೇ ನನ್ನ ಬಸ್ ಹತ್ತಿಸಿದ್ರು." ಪರದೆಯ ಕಡೆ ಬೆರಳು ತೋರಿಸಿ ಹೇಳಿದ: "ಆ ಹಾಳೆ ಒಂದು ಬಿಟ್ಟು ಉಳಿದಿದ್ದು ಪ್ರಿಂಟ್ ಹಾಕು."

"ಉಳಿದಿದ್ರಲ್ಲಿ ನಿಮ್ ಹೆಸರೇ ಇಲ್ಲ ತಾತ. ಕದಿರೇಶಣ್ಣ ಕೇಳೋದೇ ಹೆಸರು."

ಊಟಕ್ಕೆ ಬಂದು ಕೂತಿದ್ದ ಉಮಾಶಂಕರ್ ನಡುವೆ ಬಾಯಿ ಹಾಕಿದ. "ಅಯ್ಯೋ, ಅದೇನ್ ಮಹಾ! ಆ ಹೆಸರು ಒಂದನ್ನ ಕತ್ತರಿಸಿ ಮುಂದಿನ್ ಪುಟಕ್ಕೆ ಅಂಟಿಸು. ಅಕ್ಷರಗಳನ್ನು ಬರೆದ ಶ್ರೀರಾಮಪ್ಪ. ಮುಗೀತು. ಐದ್ ನಿಮಿಷದ್ ಕೆಲ್ಸ."

"ಆ ಐದ್ ನಿಮಿಷದ್ ಕೆಲ್ಸಾನ ದಿನಕ್ಕೆ ಹತ್ತು ಜನ ಕೇಳ್ತಾರೆ ಈ ಅಂಗಡೀಲಿ" ಎಂದಳು ಮುನಿಲಕ್ಷ್ಮಿ. "ಒಬ್ರಿಗೂ ಮಾಡಿಕೊಟ್ಟಿಲ್ಲ. ಮಾಡಿಕೊಟ್ಟಿದ್ರೆ ನೀವ್ ಇಷ್ಟೊತ್ತಿಗೆ ಆಟೋ ಅಲ್ಲ, ಕಾರ್ ಓಡಿಸ್ತಿದ್ರಿ. ನಾನ್ ಒಳಗಿರ್ತಿದ್ದೆ."

ಶ್ರೀರಾಮಪ್ಪ ಎದ್ದು ಹೊರಟ. ಅವನ ಮುಂದಿದ್ದ ಲೆಕ್ಕ ಸುಲಭದ್ದಲ್ಲ. ಹಾಳೆ ತೋರಿಸದಿದ್ದರೆ ಸುಳ್ಳ. ತೋರಿಸಿದರೆ, ಕನ್ನಡ ರಾಜ್ಯೋತ್ಸವದ ದಿನ, ಇಡೀ ಊರಿನ ಮುಂದೆ, ಕನ್ನಡಕ್ಕೆ ತೆಲುಗು ತಲೆ ಇಟ್ಟವನು. ಗಂಗುಲಪ್ಪನಿಗೆ ಇನ್ನು ಮೂವತ್ತೆಂಟು ವರ್ಷಕ್ಕೆ ಆಗುವಷ್ಟು ಸರಕು.

ಮೂವತ್ತನೇ ತಾರೀಕಿನ ತನಕ ಅವನ ಸುಳಿವಿಲ್ಲ. ಮುನಿಲಕ್ಷ್ಮಿಗೆ ಊಟ ರುಚಿಸಲಿಲ್ಲ. ಹುಡುಕದೆ ಇದ್ದಿದ್ದರೇ ಚೆನ್ನಾಗಿತ್ತೇನೋ ಎಂದು ಮೊದಲ ಬಾರಿಗೆ ಅನ್ನಿಸಿತು. ಮೂವತ್ತೊಂದರ ಬೆಳಿಗ್ಗೆ ಷಟರ್ ಎತ್ತುವಾಗ ಶ್ರೀರಾಮಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಕ್ಷೌರ ಮಾಡಿಸಿಕೊಂಡಿದ್ದ.

"ಹಾಕಮ್ಮ. ಆ ಅರ್ಧ ಹಾಳೇನೇ ದೊಡ್ಡದ್ ಮಾಡಿ ಹಾಕು. ಹಿಂದ್ಗಡೆ ಕೂತೋನ್‌ಗೂ ಕಾಣ್ಬೇಕು. ತಪ್ ಮಾಡ್ದೋನು ಅಂತ ಅನ್ನಿಸ್ಕೊಳ್ತೀನಿ, ಮಾಡಿದೀನಿ. ಕೆಲ್ಸಾನೇ ಮಾಡಿಲ್ಲ ಅಂತ ಯಾಕ್ ಅನ್ನಿಸ್ಕೊಳ್ಲಿ?"

ಒಂದನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ದೇವರಾಯಸಮುದ್ರದ ಪಂಚಾಯ್ತಿ ಕಟ್ಟಡದ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಕೇಸರಿಬಾತಿನ ವಾಸನೆ. ಮುನಿಲಕ್ಷ್ಮಿ ಅಂಗಡಿ ಮುಚ್ಚಿಕೊಂಡು ಬಂದಿದ್ದಳು. ಮುಂದಿನ ಸಾಲಿನಲ್ಲಿ ಗಂಗುಲಪ್ಪ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಕದಿರೇಶ್ ಮೈಕು ಹಿಡಿದು, "ಈಗ ನಮ್ಮ ಶ್ರೀರಾಮಪ್ಪನೋರು ದಾಖಲೆ ತಂದಿದಾರಂತೆ" ಎಂದು ಕಣ್ಣು ಮಿಟುಕಿಸಿ, ಹಾಳೆ ಬಿಡಿಸಿ ಓದತೊಡಗಿದ. ಎರಡು ಸಾಲು ಓದುವಷ್ಟರಲ್ಲಿ ಮಿಟುಕು ಮಾಯವಾಯಿತು. "ಮುಳಬಾಗಿಲು ತಾಲ್ಲೂಕಿನ ಪೇಂಟರ್ ಶ್ರೀರಾಮಪ್ಪ ಎಂಬುವರಿಂದ ಆದ..." ಎಂದು ನಿಂತ. ಮತ್ತೆ ಓದಿದ. ಆಮೇಲೆ ಉಳಿದ ಒಂದು ಪದವನ್ನೂ ಓದಿದ.

ಗಂಗುಲಪ್ಪ ಶುರುಮಾಡಿದ ನಗು ಶಾಮಿಯಾನದ ಕೊನೆಯ ಕಂಬದ ತನಕ ಹೋಗಿ ವಾಪಸು ಬಂತು.

"ಲೇ ಶ್ರೀರಾಮಾ! ರಾಜ್ಯೋತ್ಸವದ್ ದಿನ ಬಂದು ಕನ್ನಡಕ್ಕೆ ತೆಲುಗು ಟೋಪಿ ಹಾಕ್ದೆ ಅಂತ ಒಪ್ಕೊಂತೀಯಲ್ಲೋ!"

ಶ್ರೀರಾಮಪ್ಪ ಎದ್ದು ಮೈಕಿನ ಹತ್ತಿರ ಬಂದ. "ಹೌದ್ ಕಣೋ. ಆ ವಾರ ಆಂಧ್ರದ ವಿ.ಕೋಟೆ ಕಡೆ ಲಾರಿ ಎರಡಕ್ಕೆ ತೆಲುಗು ಬೋರ್ಡ್ ಬರೆಯೋದು ಬಾಕಿ ಇತ್ತು. ಭಾನುವಾರ ಊರಿಗೆ ಬಂದು ಬರ್ದೆ, ಸೋಮವಾರ ಬೆಂಗಳೂರಿಗೆ ಹೋಗಿ ಗರುಡ ಬರ್ದೆ. ಕೈ ಇನ್ನೂ ಬಾರ್ಡರ್ ದಾಟಿ ವಾಪಸ್ ಬಂದಿರ್ಲಿಲ್ಲ." ಜನ ಇನ್ನೊಂದು ಸುತ್ತು ನಕ್ಕರು. ಅವನು ನಗು ಮುಗಿಯಲಿ ಎಂದು ಕಾದ. "ಮೂರ್ ಅಕ್ಷರ ತಪ್ಪು ಮಾಡ್ದೆ. ಉಳಿದಿದ್ದು ಯಾರ್ ಮಾಡಿದ್ದು? ಅದನ್ನ್ ಹೇಳ್ರಪ್ಪ ಈಗ."

ತಪ್ಪು ಅವನದಾದರೆ ಒಪ್ಪೂ ಅವನದೇ ಎಂಬುದು ಅಲ್ಲಿದ್ದ ವ್ಯವಹಾರಸ್ಥರಿಗೆಲ್ಲ ತಿಳಿಯಿತು. ಮಾಡದ ಕೆಲಸಕ್ಕೆ ಶಾಲು ಕೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಮಾಡದ ತಪ್ಪನ್ನು ತನ್ನದೆಂದು ಹೊತ್ತುಕೊಂಡು ಬರುವವನು ದೇವರಾಯಸಮುದ್ರದಲ್ಲಿ ಹುಟ್ಟಿಲ್ಲ. ಗಂಗುಲಪ್ಪ ಕಾಲಿನ ಮೇಲಿನ ಕಾಲು ಇಳಿಸಿದ. ತಲೆ ಕೆರೆದುಕೊಂಡ. ಎದ್ದು ವೇದಿಕೆಗೆ ಹೋಗಿ ಕದಿರೇಶನ ಕೈಯಿಂದ ಶಾಲು ಕಿತ್ತುಕೊಂಡ.

"ಕೊಡಿಲ್ಲಿ, ನಾನ್ ಹೊದಿಸ್ತೀನಿ. ಮೂವತ್ತೆಂಟ್ ವರ್ಷ ನಾನೇ ತಾನೆ ಸಾಕಿದ್ದು ಇವ್ನ ಹೆಸರನ್ನ." ಹೊದಿಸುತ್ತ ಕಿವಿಯಲ್ಲಿ ಏನೋ ಹೇಳಿದ. ಇಬ್ಬರೂ ತೆಲುಗಿನಲ್ಲಿ ಬೈದಾಡಿಕೊಂಡು ನಕ್ಕರು. ಕಂಪ್ಯೂಟ್ರಪ್ಪ ಎಂಬ ಹೆಸರು ಹೋಗಲಿಲ್ಲ; ಆದರೆ ಅದನ್ನು ಹೇಳುವಾಗ ಕಣ್ಣು ಮಿಟುಕಿಸುವುದು ಅವತ್ತಿಗೆ ನಿಂತಿತು. ಸುನಂದ ಸೆರಗಿನಲ್ಲಿ ಮುಖ ಒರೆಸಿಕೊಂಡು ಮುನಿಲಕ್ಷ್ಮಿಯ ತಟ್ಟೆಗೆ ಎರಡನೇ ಸಲ ಕೇಸರಿಬಾತು ಬಡಿಸಿದಳು.

ಸೋಮವಾರ ಬೆಳಿಗ್ಗೆ ಮುನಿಲಕ್ಷ್ಮಿಯ ಅಂಗಡಿಯ ಮುಂದೆ ದೇವರಾಯಸಮುದ್ರದ ನಾಲ್ಕು ಮಂದಿ. ಯಾರ ಕೈಯಲ್ಲೂ ಜೆರಾಕ್ಸ್ ಮಾಡಿಸುವ ಕಾಗದ ಇರಲಿಲ್ಲ. ಎಲ್ಲರಿಗಿಂತ ಮುಂದೆ ಗಂಗುಲಪ್ಪ.

"ನೋಡಮ್ಮಾ ತಾಯಿ, ನಮ್ಮ್ ಚಿಕ್ಕಪ್ಪ ಕೆಜಿಎಫ್‌ನಲ್ಲಿ ಕೆಲಸಕ್ಕಿದ್ದ. ಗಣೀಲಿ ಮೊಟ್ಟಮೊದ್ಲು ಕಂಪ್ಯೂಟರ್ ತಂದಾಗ ಅದನ್ನ ಲಾರಿಯಿಂದ ಇಳಿಸಿದ್ದೇ ನಾನು ಅಂತ ಹೇಳ್ತಿದ್ದ. ನಾವ್ ಯಾರೂ ನಂಬ್ಲಿಲ್ಲ. ಎಲ್ಲಾದ್ರೂ ಬರ್ದಿರ್ತಾರಾ? ಹುಡುಕ್ತೀಯಾ?"

ಮುನಿಲಕ್ಷ್ಮಿ ಕುರ್ಚಿ ಎಳೆದುಕೊಂಡು ಕೂತು ಕಂಪ್ಯೂಟರ್ ಆನ್ ಮಾಡಿದಳು.

"ಹುಡುಕೋಣ ಕೂತ್ಕೊಳ್ಳಿ. ಇಳಿಸೋವಾಗ ಕೆಳಗೇನಾದ್ರೂ ಬೀಳ್ಸಿದ್ರಾ?"

"ಯಾಕಮ್ಮ?"

"ಬೀಳ್ಸಿದ್ರೆ ಹೆಸರು ಬರ್ದಿರ್ತಾರೆ. ಬೇಗ ಸಿಗ್ತಾರೆ."